ಆಟದ ಮೂರು ರಾತ್ರಿ, ಊರಿನ ಲೆಕ್ಕ: ನನ್ನ ಅನುಭವ

ನಮ್ಮೂರ ಸಹಕಾರಿ ಸೊಸೈಟಿ ಈಗ ಬೇಸಿಗೆಯ ಓಕುಳಿ ಹಬ್ಬದ ಪಾರಿಜಾತ ಆಟಕ್ಕೆ, ಅಂದರೆ ಕೃಷ್ಣ-ಸತ್ಯಭಾಮೆಯ ಕಥೆ ಹಾಡಿ ಆಡುವ ಬಯಲಾಟಕ್ಕೆ, ವರ್ಷಕ್ಕೆ 40,000 ರೂಪಾಯಿ ಕೊಡುತ್ತದೆ. ದಾನ ಅಂತ ಅಲ್ಲ, ಖರ್ಚಿನ ಬಾಬ್ತಿನಲ್ಲಿ ಠರಾವು ಬರೆದು ಕೊಡುತ್ತದೆ. ಗೊಬ್ಬರದ ಗೋದಾಮಿನ ರಿಪೇರಿ ಬರೆಯುವ ಪುಸ್ತಕದಲ್ಲೇ ಶ್ರೀಕೃಷ್ಣ ಪಾರಿಜಾತದ ಹೆಸರೂ ಇದೆ. ಅದನ್ನು ಬರೆಸಲು ನನಗೆ ಮೂರು ವರ್ಷ ಹಿಡಿಯಿತು. ನಮ್ಮ ಮೇಳದವರೇ "ಮಾಸ್ತರ, ಇದು ಆಗೂದಲ್ಲ" ಅಂದಿದ್ದರು. ಆಯಿತು. ಹೇಗಾಯಿತು ಅಂತ ಬೇರೆ ಮೇಳದವರು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮುಧೋಳ ತಾಲ್ಲೂಕು, ಲೋಕಾಪುರದ ಕಡೆ. ನಾನು ಮೇಳದಲ್ಲಿ ಪೇಟಿ (ಹಾರ್ಮೋನಿಯಂ) ಹಿಡಿಯುತ್ತೇನೆ, ಹಗಲು ಲೆಕ್ಕ ಬರೆಯುವ ಕೆಲಸ. ಎರಡೂ ಕೈಯಲ್ಲಿ ಇದ್ದದ್ದು ಅನುಕೂಲವಾಯಿತು.

2022ರಲ್ಲಿ ಮೊದಲ ಸಲ ಲೆಕ್ಕ ಹಾಕಿದೆ. ಎರಡು ರಾತ್ರಿ ಆಟ, ಖರ್ಚು ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ. ಊರಲ್ಲಿ ಆ ಎರಡು ರಾತ್ರಿ ಎಷ್ಟು ವ್ಯಾಪಾರ ಆಯಿತು ಅಂತ ಎಲ್ಲವನ್ನೂ ಕೂಡಿಸಿದೆ. ಚಹಾ, ಮಿರ್ಚಿ ಭಜಿ, ಚುರುಮುರಿ, ಕಿರಾಣಿ, ಬಳೆ, ಹೂವು, ಬಾಡಿಗೆ ಟಂಟಂ (ಮೂರು ಗಾಲಿಯ ಗಾಡಿ), ಮನೆಗೆ ತಂದ ಕಾಯಿಪಲ್ಲೆ ಸಹ. ಆರು ಲಕ್ಷ ಬಂತು. ಖುಷಿಯಿಂದ ಸೊಸೈಟಿ ಮೀಟಿಂಗಿಗೆ ಒಯ್ದೆ. ಅಧ್ಯಕ್ಷರು ಕಾಗದ ಓದಿ ಮುಗಿಸುವ ಮೊದಲೇ ಹೇಳಿದರು: "ಸಕ್ಕರಿ ನಮ್ದು, ಹಾಲು ನಮ್ದು, ಕುಡದಾವ್ರೂ ನಾವ. ಇದ್ರಾಗ ಊರಿಗೆ ಬಂದದ್ದೇನ್ರೀ?"

ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ. ನಮ್ಮೂರಿನವನು ಆಟದ ರಾತ್ರಿ ಇಪ್ಪತ್ತು ರೂಪಾಯಿ ಭಜಿ ತಿಂದರೆ, ಅದು ಅವನ ಜೇಬಿನಿಂದ ಭಜಿಯವನ ಜೇಬಿಗೆ ಹೋಗುತ್ತದೆ ಅಷ್ಟೇ. ಊರಿನ ದುಡ್ಡು ಊರಲ್ಲೇ ಸುತ್ತುತ್ತದೆ. ಹೊರಗಿನಿಂದ ಎಷ್ಟು ಬಂತು, ಹೊರಗೆ ಎಷ್ಟು ಹೋಯಿತು, ಈ ಎರಡನ್ನು ಬಿಟ್ಟರೆ ಬೇರೆಯದು ಲೆಕ್ಕಕ್ಕಿಲ್ಲ. ಈಗ ಇದು ಸಣ್ಣ ಮಾತು ಅನ್ನಿಸುತ್ತದೆ, ಆದರೆ ಕಲೆಗೆ ದುಡ್ಡು ಕೇಳಲು ಹೋಗುವ ನಾವು ಮುಕ್ಕಾಲು ಮಂದಿ ಇಲ್ಲೇ ಎಡವುತ್ತೇವೆ.

2023ರಲ್ಲಿ ಫಾರಂ ಅಚ್ಚು ಹಾಕಿಸಿದೆ. 500 ಹಾಳೆ, 1,800 ರೂಪಾಯಿ ಆಗಿತ್ತು ಅಂತ ನೆನಪು. ಅಂಗಡಿಯವರಿಗೆ, ಬಂದ ಜನಕ್ಕೆ ಹಂಚಿದೆ. ಯಾವ ಊರು, ಎಷ್ಟು ಖರ್ಚು ಮಾಡಿದಿರಿ ಅಂತ ಕೇಳಿದ್ದೆ. ತಿರುಗಿ ಬಂದದ್ದು ಅರವತ್ತೋ ಎಪ್ಪತ್ತೋ. ಅಂಗಡಿಯವರು ತೆರಿಗೆಯ ಅಂಜಿಕೆಗೆ ಇಡೀ ರಾತ್ರಿಯ ವ್ಯಾಪಾರ 200 ರೂಪಾಯಿ ಅಂತ ಬರೆದರು. ಮಿರ್ಚಿ ಮಾರುವ ಅವ್ವ ಹಾಳೆಯಲ್ಲಿ ಭಜಿ ಕಟ್ಟಿ ಕೊಟ್ಟಳು. ಅದರ ಮೇಲೆ ಎರಡನೇ ರಾತ್ರಿ ಅಡ್ಡಮಳೆ. ಮಂಟಪ ಹರಿದು ಹೋಯಿತು, ಪೇಟಿಯ ತಿದಿಯೊಳಗೆ ನೀರು ಹೊಕ್ಕಿತು, ಮುಂದಿನ ರಾತ್ರಿಯ ಆಟ ನಿಂತಿತು. ಕಲಾವಿದರಿಗೆ ವೀಳ್ಯ ಕೊಟ್ಟಾಗಿತ್ತು, ಸಂಭಾವನೆ ತಪ್ಪಿಸುವಂತಿರಲಿಲ್ಲ. ನನ್ನ ಕೈಯಿಂದ 38,000 ಹೋಯಿತು. ಎಮ್ಮೆ ಮಾರಿ ತೀರಿಸಿದೆ. ಆ ಬೇಸಿಗೆಯಲ್ಲಿ ಮನೆಯಲ್ಲಿ ಯಾರೂ ಪಾರಿಜಾತದ ಹೆಸರು ಎತ್ತಲಿಲ್ಲ.

ಮರುವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದೆ. ನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಥೇಟರ್ ಹಾಕಿ ವಾರಗಟ್ಟಲೆ ಕೂಡುತ್ತವೆ, ನಿಮಗೆ ಗೊತ್ತೇ ಇದೆ. ಎರಡು ರಾತ್ರಿ ನಾನು ನಾಟಕ ನೋಡಲಿಲ್ಲ, ಗೇಟ್ ನೋಡಿದೆ. ಒಂದು ಕಂಪನಿಯ ಗೇಟಿನ ಹಿರಿಯರು ಜನರನ್ನು ಏನೂ ಕೇಳುವುದಿಲ್ಲ. ನಿಂತ ಗಾಡಿ ನೋಡುತ್ತಾರೆ, ಯಾವ ಕಡೆಯ ಟಂಟಂ ಅಂತ ಡ್ರೈವರನ್ನು ಕೇಳುತ್ತಾರೆ, ಮರುದಿನ ಪ್ರಚಾರದ ಗಾಡಿ ಯಾವ ಕಡೆ ಕಳಿಸಬೇಕು ಅಂತ ಅದರಿಂದಲೇ ತೀರ್ಮಾನ. ಅಲ್ಲೇ ನನಗೆ ಹೊಳೆಯಿತು. ಜನರನ್ನು ಕೇಳಿದರೆ ಸುಳ್ಳು ಬರುತ್ತದೆ. ವಸ್ತುಗಳನ್ನು ಎಣಿಸಬೇಕು.

2024ರ ಓಕುಳಿ ಬಂದದ್ದು ಮೇ 7ರ ಮತದಾನ ಮುಗಿದ ಮೇಲೆ. ಪರವಾನಗಿ, ಮೈಕಿನ ತಕರಾರು ಎಲ್ಲ ಇದ್ದದ್ದೇ, ಅದನ್ನು ಬಿಡಿ. ಊರಿಗೆ ಬರುವ ದಾರಿ ಎರಡು. ಎರಡೂ ಕಡೆ ಪಿಯುಸಿ ಓದುವ ಹುಡುಗರನ್ನು ಕೂರಿಸಿದೆ, ಸಂಜೆ ಏಳರಿಂದ ಹತ್ತರವರೆಗೆ. ಬೈಕು ಎಷ್ಟು, ಟಂಟಂ ಎಷ್ಟು, ಕಾರು ಎಷ್ಟು, ಒಂದೊಂದರಲ್ಲಿ ತಲೆ ಎಷ್ಟು, ಗೀಟು ಎಳೆಯುವುದಷ್ಟೇ ಕೆಲಸ. ನಮ್ಮೂರ ಗಾಡಿಗಳು ಹುಡುಗರಿಗೆ ಗುರುತೇ, ಅವನ್ನು ಬಿಟ್ಟರು. ರಾತ್ರಿಗೆ ಸುಮಾರು 120 ಬೈಕು, 15 ಟಂಟಂ, ಹತ್ತು ಹನ್ನೆರಡು ಕಾರು. ಒಟ್ಟು 450 ಜನ ಹೊರಗಿನವರು ಅಂತ ಹಿಡಿದೆ.

ಚಹಾ ಅಂಗಡಿಯವನನ್ನು ವ್ಯಾಪಾರ ಎಷ್ಟು ಅಂತ ಕೇಳಲೇ ಇಲ್ಲ. ಬೆಳಿಗ್ಗೆ ಹೋಗಿ ಖಾಲಿಯಾದ ಪೇಪರ್ ಕಪ್ಪಿನ ಪಾಕೀಟು ಎಣಿಸಿದೆ. ಡೇರಿಯಲ್ಲಿ ಹಾಲು ಎಷ್ಟು ಒಯ್ದ ಅಂತ ನೋಡಿದೆ. ಬೇರೆ ದಿನ ನಾಲ್ಕು ಲೀಟರ್ ಒಯ್ಯುವವನು ಆಟದ ರಾತ್ರಿ 22 ಲೀಟರ್ ಒಯ್ದಿದ್ದ. ಆಟದ ಹಿಂದಿನ ವಾರದ ಅದೇ ದಿನಗಳಲ್ಲಿ ಮೊದಲೇ ಎಣಿಸಿ ಇಟ್ಟುಕೊಂಡಿದ್ದೆ, ಅದನ್ನು ಕಳೆದೆ. ಉಳಿದದ್ದರಲ್ಲಿ ಹೊರಗಿನವರ ಪಾಲು ಎಷ್ಟು ಅಂತ ತೆಗೆಯಲು ಒಂದು ದಾರಿ ಇದೆ. ಮಿರ್ಚಿ ಅವ್ವ ನನಗೆ ಕೊನೆಗೆ ನಿಜ ಹೇಳಿದ್ದೂ ಅದೇ ದಾರಿಯಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಮತ್ತು ಒಂದು ಎಮ್ಮೆ ಕೊಟ್ಟು ಕಲಿತದ್ದು ಅದು.

ತಲೆಗೆ 70 ರೂಪಾಯಿ ಬಂತು. ಮೂರು ರಾತ್ರಿಗೆ ಸುಮಾರು 95,000. ಪರ ಊರಿನವರು ರಂಗದ ಮೇಲೆ ಮಾಡಿದ ಆಯೇರಿ (ಕಾಣಿಕೆ) ಇನ್ನೊಂದು 25,000. ಕೂಡಿದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಊರೊಳಗೆ ಬಂತು.

ಈಗ ಹೋದದ್ದು. ಇಲ್ಲಿ ನನಗೆ ಹೊಟ್ಟೆ ಉರಿಯಿತು. ಹಿಂದಿನ ಖರ್ಚಿನ ಚೀಟಿಗಳನ್ನೆಲ್ಲ ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊರಗೆ ಹೋಗಿತ್ತು. ಮಂಟಪ ಬೇರೆ ಊರಿನದು, ಲೈಟು ಬೇರೆ ಊರಿನದು, ಪಾತ್ರದವರು ಬಹಳಷ್ಟು ಮಂದಿ ಬೇರೆ ಊರಿನವರು. ನಾವು ಊರಿನ ಪಟ್ಟಿ ಎತ್ತಿ ಪರ ಊರಿಗೆ ಕೊಟ್ಟು ಬರುತ್ತಿದ್ದೆವು. 2024ರಲ್ಲಿ ಮಂಟಪ ನಮ್ಮೂರ ಹುಡುಗನಿಗೆ ಕೊಟ್ಟೆ. ಅಡುಗೆ ಎರಡು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕೊಟ್ಟೆ. ಹಿಮ್ಮೇಳ ಪೂರ್ತಿ ನಮ್ಮವರೇ. ಸತ್ಯಭಾಮೆ ಮತ್ತು ಭಾಗವತ ಮಾತ್ರ ಹೊರಗಿನಿಂದ, ಅದರಲ್ಲಿ ರಾಜಿ ಇಲ್ಲ. ಸತ್ಯಭಾಮೆ ಸೋತರೆ ಆಟ ಇಲ್ಲ. ಒಟ್ಟು ಖರ್ಚು ಒಂದು ಲಕ್ಷದ ಎಂಬತ್ತು ಸಾವಿರ, ಅದರಲ್ಲಿ ಹೊರಗೆ ಹೋದದ್ದು 60,000.

ಬಂದದ್ದರಲ್ಲಿ ಹೋದದ್ದು ಕಳೆದರೆ 60,000 ಉಳಿಯಿತು. ಆರು ಲಕ್ಷ ಅಲ್ಲ, ಅರವತ್ತು ಸಾವಿರ. ಅದನ್ನೇ ಹಾಲಿನ ಚೀಟಿ, ಗಾಡಿಯ ಗೀಟುಗಳ ಸಮೇತ ಮೀಟಿಂಗಿಗೆ ಒಯ್ದೆ. ಅಧ್ಯಕ್ಷರು ಅರ್ಧ ತಾಸು ಚೀಟಿ ತಿರುವಿದರು. ಬೈಕಿಗೆ ಇಬ್ಬರು ಅಂತ ಯಾಕೆ ಹಿಡಿದಿರಿ, ಒಬ್ಬರೇ ಬಂದಿರಬಹುದಲ್ಲ ಅಂದರು. ಹುಡುಗರು ತಲೆಯನ್ನೂ ಗೀಟು ಹಾಕಿದ್ದಾರೆ, ಒಬ್ಬರೇ ಬಂದದ್ದೂ ಇದೆ, ಮೂವರು ಬಂದದ್ದೂ ಇದೆ ಅಂತ ತೋರಿಸಿದೆ. ಆಮೇಲೆ ಮಾತಿಲ್ಲ. ದೊಡ್ಡ ಅಂಕಿ ನಂಬದವರು ಸಣ್ಣ ಅಂಕಿ ನಂಬಿದರು.

ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಮೊದಲ ರಾತ್ರಿ ಬೆಳಗಿನ ತನಕ ಆಟ, ಎರಡನೇ ರಾತ್ರಿ ಒಂದೂವರೆಗೆ ಮುಗಿಸಿದೆವು. ಹಿರಿಯರು ಬೈದರು. ಆದರೆ ಮೂರನೇ ರಾತ್ರಿ ಅಕ್ಕಪಕ್ಕದ ಊರಿನ ಹೆಣ್ಣುಮಕ್ಕಳು ಹಿಂದಿನ ದಿನದ ಎರಡರಷ್ಟು ಬಂದರು. ಶಾಲೆಯ ಶೌಚಾಲಯದ ಬೀಗ ತೆಗೆಸಿ, ಅಲ್ಲಿಗೆ ಹೋಗುವ ದಾರಿಗೆ ನಾಲ್ಕು ಬಲ್ಬು ಹಾಕಿಸಿದ್ದೂ ಕಾರಣ. ಬಲ್ಬಿನ ಖರ್ಚು 600 ರೂಪಾಯಿ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಜನ ಯಾವ ಪೋಸ್ಟರಿನಿಂದಲೂ ಬರುವುದಿಲ್ಲ. ಹೆಣ್ಣುಮಕ್ಕಳು ಬಂದರೆ ಕುಪ್ಪಸದ ಖಣದ ಅಂಗಡಿಗೂ ವ್ಯಾಪಾರ. ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಒಂದು ಸಣ್ಣ ಅಂಗಡಿಯನ್ನು ರಂಗದ ಪಕ್ಕಕ್ಕೇ ಹಾಕಿಸಿದೆ. ಸತ್ಯಭಾಮೆ ಉಟ್ಟ ಸೀರೆಯ ಬಣ್ಣ ಯಾವುದೋ ಅದೇ ಬಣ್ಣ ಮೊದಲು ಖಾಲಿ. ಆ ದುಡ್ಡು ನಮ್ಮೂರಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಜಿಲ್ಲೆಯಲ್ಲೇ ಉಳಿಯುತ್ತದೆ, ನೇಕಾರನ ಮಗ್ಗಕ್ಕೆ ಹೋಗುತ್ತದೆ. ಊರಿನ ಲೆಕ್ಕ ಬೇರೆ, ಜಿಲ್ಲೆಯ ಲೆಕ್ಕ ಬೇರೆ, ರಾಜ್ಯದ ಲೆಕ್ಕ ಬೇರೆ. ನಮಗೆ ಹೊರಗೆ ಹೋದದ್ದು ರಾಜ್ಯಕ್ಕೆ ಒಳಗೇ ಇರುತ್ತದೆ.

ಟಿಕೆಟ್ ಇಟ್ಟೂ ನೋಡಿದೆ, ಒಂದು ರಾತ್ರಿ ಮುಂದಿನ ಸಾಲಿಗೆ 50 ರೂಪಾಯಿ. ಬಂದದ್ದು 2,000, ಆದ ಜಗಳ ಅದಕ್ಕಿಂತ ಜಾಸ್ತಿ. ಬಿಟ್ಟುಬಿಟ್ಟೆ. ಚಹಾದ ಬಿಡುವಿನ ಹೊತ್ತನ್ನು ಬದಲಿಸಿದ್ದು ಮಾತ್ರ ಫಲ ಕೊಟ್ಟಿತು. ಭಾಗವತ-ದೂತಿ ಮಾತಿಗೆ ಜನ ನಗುತ್ತಾ ಕೂತಿರುವಾಗ ಯಾರೂ ಏಳುವುದಿಲ್ಲ, ಸತ್ಯಭಾಮೆ ಮುನಿದು ಕೂತಾಗ ಮೊದಲೇ ಏಳುವುದಿಲ್ಲ. ಯಾವ ಪದ ಮುಗಿದ ಮೇಲೆ ಬಿಡುವು ಕೊಡಬೇಕು ಅನ್ನುವುದು ನಮ್ಮ ಮೇಳದಲ್ಲೇ ಇರಲಿ.

ಪುಸ್ತಕಕ್ಕೆ ಹತ್ತದ ಲೆಕ್ಕವೂ ಇದೆ. ಕೌಜಲಗಿ ಅನ್ನುವ ಊರು ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಕೌಜಲಗಿ ನಿಂಗಮ್ಮ ಗೊತ್ತು. ಒಬ್ಬ ಹೆಣ್ಣುಮಗಳು ಪಾರಿಜಾತ ಹಾಡಿ ಊರಿಗೆ ಕೊಟ್ಟ ಆ ಹೆಸರಿಗೆ ಬೆಲೆ ಕಟ್ಟಲು ನನಗೆ ಬಂದಿಲ್ಲ. ನಮ್ಮೂರಲ್ಲಿ ಮೇಲಿನ ಓಣಿ, ಕೆಳಗಿನ ಓಣಿಯವರು ಒಂದು ಹೊಲದ ದಾರಿಗಾಗಿ ಎಷ್ಟೋ ವರ್ಷ ಮಾತು ಬಿಟ್ಟಿದ್ದರು. ತಾಲೀಮಿಗೆ ಕೃಷ್ಣ ಮೇಲಿನ ಓಣಿಯವನು, ತಬಲಾ ಕೆಳಗಿನವನು. ಎರಡು ತಿಂಗಳು ದಿನಾ ರಾತ್ರಿ ಒಂದೇ ಚಾಪೆ. ಈಗ ಮದುವೆಗೆ ಕರೆಯುತ್ತಾರೆ. ಗೋವೆಗೆ ಗಾರೆ ಕೆಲಸಕ್ಕೆ ಹೋಗುವ ಇಬ್ಬರು ಹುಡುಗರು ತಾಲೀಮಿನ ಸಲುವಾಗಿ ಬೇಸಿಗೆಯಲ್ಲಿ ಊರಲ್ಲೇ ಉಳಿದರು. ಅವರು ಕಳೆದುಕೊಂಡ ಕೂಲಿಯನ್ನು ನಾನು ಲೆಕ್ಕದಲ್ಲಿ ಕಳೆಯಬೇಕಿತ್ತು ಅಂತ ಒಬ್ಬರು ಹೇಳಿದರು. ನ್ಯಾಯವಾದ ಮಾತು, 2025ರ ಲೆಕ್ಕದಲ್ಲಿ ಕಳೆದೆ. ಕಳೆದರೂ ಉಳಿಯಿತು. ಅವರ ತಾಯಂದಿರನ್ನು ಕೇಳಿದರೆ ಬೇರೆಯೇ ಲೆಕ್ಕ ಹೇಳುತ್ತಾರೆ.

ಇನ್ನೊಂದು ಮಾತು. ಬಯಲಾಟ ಅಕಾಡೆಮಿ ನಮ್ಮ ಬಾಗಲಕೋಟೆಯಲ್ಲೇ ಇದೆ. ಹಿರಿಯ ಕಲಾವಿದರಿಗೆ ಸರ್ಕಾರದ ಮಾಶಾಸನ ಇದೆ. ಇವು ಬೇಕು, ಇನ್ನೂ ಜಾಸ್ತಿ ಆಗಬೇಕು. ಆದರೆ ನಾವು ಪ್ರತಿ ಸಲ ಕೈಮುಗಿದು ಕಲೆ ಸಾಯುತ್ತಿದೆ, ಉಳಿಸಿ ಅಂತ ನಿಲ್ಲುತ್ತೇವೆ. ಒಂದು ಕಚೇರಿಯಲ್ಲಿ ನನ್ನನ್ನು ನಾಲ್ಕು ಸಲ ತಿರುಗಿಸಿದರು, ಕೈಮುಗಿದಷ್ಟೂ ತಿರುಗಿಸಿದರು. ಐದನೇ ಸಲ ಹಾಲಿನ ಚೀಟಿ ಮೇಜಿನ ಮೇಲೆ ಇಟ್ಟೆ. ಕುರ್ಚಿ ತೋರಿಸಿದರು. ಅನುದಾನ ಇನ್ನೂ ಬಂದಿಲ್ಲ, ಆದರೆ ಅರ್ಜಿ ಮುಂದೆ ಹೋಗಿದೆ. ಒಂದು ಊರಿನ ಲೆಕ್ಕದಿಂದ ಸರ್ಕಾರ ಅಲುಗಾಡುವುದಿಲ್ಲ. ಐವತ್ತು ಊರಿನ ಮೇಳಗಳು ಒಂದೇ ರೀತಿ ಎಣಿಸಿ ತಂದರೆ ಓದಲೇಬೇಕು, ಅಲ್ವಾ?

2025ರಲ್ಲಿ ಉಳಿದದ್ದು ಎಪ್ಪತ್ತು ಸಾವಿರದ ಹತ್ತಿರ. ಪಂಚಾಯ್ತಿ ಹನುಮಪ್ಪನ ಗುಡಿಯ ಮುಂದೆ ಕಟ್ಟೆ ಕಟ್ಟಿಸಿತು, ಹಿಂದೆ ಎರಡು ಶೌಚಾಲಯ. ಮಂಟಪದ ಖರ್ಚು ಅಷ್ಟು ಇಳಿಯಿತು. ಕೊನೆಯ ರಾತ್ರಿ ಆಟದಲ್ಲಿ ಕೊರವಂಜಿಯ ಪಾತ್ರ ಬಂದ ಹೊತ್ತಿಗೆ ಪೇಟಿ ಬಿಟ್ಟು ಚಹಾಕ್ಕೆ ಎದ್ದೆ. ಅಧ್ಯಕ್ಷರು ಅಂಗಡಿಯ ಹಿಂದೆ ಟಾರ್ಚ್ ಹಿಡಿದು ನಿಂತಿದ್ದರು, ಖಾಲಿ ಕಪ್ಪಿನ ಪಾಕೀಟು ಎಣಿಸುತ್ತಿದ್ದರು. "ಹೋದ ವರ್ಷಕ್ಕಿಂತ ಮೂರು ಜಾಸ್ತಿ ಅದಾವ್ರೀ ಮಾಸ್ತರ" ಅಂದರು.