ಸರ್ಕಾರಿ ಕಚೇರಿ ಮತ್ತು ಕಂಪ್ಯೂಟರ್ ವೆಂಡರ್: ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ನಡೆಸುವ ನಮ್ಮ ಪದ್ಧತಿ

ವೆಂಡರ್ ಜೊತೆಗಿನ ಜಗಳ ಯಂತ್ರ ಕೆಟ್ಟ ದಿನ ಕಾಣಿಸಿಕೊಂಡರೂ ಅದರ ಬೇರು ನಾವು ಕೊಟ್ಟ ಆದೇಶದಲ್ಲಿರುತ್ತದೆ. ಯಾವ ಯಂತ್ರ, ಯಾವ ಭಾಗ, ಯಾರ ಖರ್ಚು ಎಂಬ ಮೂರನ್ನು ಬರೆಯದೆ ಬಿಟ್ಟಿದ್ದರೆ ಆಮೇಲೆ ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ಕಚೇರಿಯ ಕಂಪ್ಯೂಟರ್ ವಿಷಯ ನೋಡಿಕೊಳ್ಳುವ ನಾನು ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಯಂತ್ರಗಳ ಪಟ್ಟಿ.

ದಾಸ್ತಾನು ವಹಿಯಲ್ಲಿ 'ಕಂಪ್ಯೂಟರ್ – 12' ಎಂದಿದ್ದರೆ ಲೆಕ್ಕಪರಿಶೋಧನೆಗೆ ಸಾಕಾಗಬಹುದು, ರಿಪೇರಿಗೆ ಸಾಲದು. ಪ್ರತಿ ಸಿಪಿಯು, ಮಾನಿಟರ್, ಪ್ರಿಂಟರ್, ಯುಪಿಎಸ್‌ಗೆ ಒಂದೊಂದು ಸಾಲು ಬೇಕು: ಮಾಡೆಲ್, ತಯಾರಕರ ಸೀರಿಯಲ್ ನಂಬರ್, ಪ್ರೊಸೆಸರಿನ ತಲೆಮಾರು, ರ‍್ಯಾಮ್ ಎಷ್ಟು ಜಿಬಿ ಮತ್ತು ಎಷ್ಟು ಸ್ಲಾಟಿನಲ್ಲಿ, ಡಿಸ್ಕಿನ ಸೀರಿಯಲ್, ಬಿಲ್ಲಿನ ದಿನಾಂಕ, ವಾರಂಟಿ ಮುಗಿಯುವ ದಿನ, ಯಾವ ಶಾಖೆ. ರ‍್ಯಾಮಿನ ವಿವರ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲೇ ಸಿಗುತ್ತದೆ. ಯಂತ್ರ ವರ್ಕ್‌ಶಾಪಿಗೆ ಹೋಗುವಾಗ ಗೇಟ್ ಪಾಸಿನಲ್ಲಿ ಈ ಸಾಲನ್ನು ಪೂರ್ತಿ ಬರೆದು ಎಂಜಿನಿಯರ್ ಸಹಿ ಪಡೆಯುತ್ತೇವೆ, ವಾಪಸ್ ಬಂದಾಗ ತಾಳೆ ನೋಡುತ್ತೇವೆ. 8 ಜಿಬಿ ಹೋಗಿ 4 ಜಿಬಿ ಬಂದಿತೆಂಬ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಇದು ಪ್ರಾಮಾಣಿಕ ವೆಂಡರ್‌ಗೂ ರಕ್ಷಣೆ.

ಖರೀದಿ ಕೇಂದ್ರ ಸರ್ಕಾರದ ಖರೀದಿ ಜಾಲತಾಣ ಜೆಮ್ ಮೂಲಕವಾಗಲಿ, ಸರ್ಕಾರಿ ಖರೀದಿಗೆ ಸಂಬಂಧಿಸಿದ ಕರ್ನಾಟಕದ ಪಾರದರ್ಶಕತೆ ಕಾಯ್ದೆ 1999ರಡಿ ರಾಜ್ಯದ ಕೆಪಿಪಿಪಿ ಪೋರ್ಟಲ್ ಟೆಂಡರ್ ಮೂಲಕವಾಗಲಿ, ತಾಂತ್ರಿಕ ವಿವರಣೆಯಲ್ಲಿ ಬರೀ 'ಐ5 ಪ್ರೊಸೆಸರ್' ಎಂದು ಬರೆಯಬಾರದು. ಹಾಗೆ ಬರೆದರೆ ಗೋದಾಮಿನಲ್ಲಿ ಉಳಿದ ಹಳೆಯ ತಲೆಮಾರಿನ ಐ5 ಬರುತ್ತದೆ, ತಿರಸ್ಕರಿಸಲು ಕಾರಣವಿರುವುದಿಲ್ಲ. ತಲೆಮಾರು ಹೆಸರಿಸಬೇಕು. ರ‍್ಯಾಮ್ ಒಂದೇ ಕಡ್ಡಿಯಲ್ಲಿದ್ದು ಒಂದು ಸ್ಲಾಟ್ ಖಾಲಿ ಇರಬೇಕು, ಎಸ್‌ಎಸ್‌ಡಿ ಡಿಸ್ಕ್ ಹೆಚ್ಚು ವೇಗದ ಎನ್‌ವಿಎಂಇ ಬಗೆಯದಾಗಿರಬೇಕು, 3 ವರ್ಷದ ವಾರಂಟಿ ತಯಾರಕರದೇ ಆಗಿ ಕಚೇರಿಗೇ ಬಂದು ಸರಿಪಡಿಸುವಂಥದಿರಬೇಕು. ವೆಂಡರ್ ಅಂಗಡಿ ಮುಚ್ಚಿದರೂ ತಯಾರಕರ ವಾರಂಟಿ ಉಳಿಯುತ್ತದೆ.

ಡಬ್ಬ ಒಡೆದ ದಿನವೇ ಪ್ರತಿ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿ. ಕೆಲವಕ್ಕೆ ವಾರಂಟಿ ವಿತರಕರಿಂದ ಹೊರಟ ದಿನದಿಂದಲೇ ಶುರುವಾಗಿರುತ್ತದೆ. ನಮ್ಮ ಕೈ ಸೇರುವ ಹೊತ್ತಿಗೆ ಕೆಲವು ತಿಂಗಳು ಕಳೆದಿರುತ್ತವೆ. ಬಿಲ್ಲಿನ ಪ್ರತಿ ಕಳುಹಿಸಿದರೆ ತಯಾರಕರು ದಿನಾಂಕ ಸರಿಪಡಿಸುತ್ತಾರೆ. ಇದನ್ನು ವೆಂಡರ್‌ಗೆ ಹಣ ಪಾವತಿಸುವ ಮೊದಲೇ, ಅವರಿಂದಲೇ ಮಾಡಿಸಬೇಕು. ಮೂರನೇ ವರ್ಷ ಮದರ್‌ಬೋರ್ಡ್ ಹೋದಾಗ ಓಡಾಡಿ ಫಲವಿಲ್ಲ.

ವಾರಂಟಿ ಮುಗಿದವು ಎಎಂಸಿಗೆ ಬರುತ್ತವೆ. ಇಲ್ಲಿ ಕಡಿಮೆ ದರವೇ ದೊಡ್ಡ ಅಪಾಯ. ಯಂತ್ರವೊಂದಕ್ಕೆ ವರ್ಷಕ್ಕೆ 400 ರೂಪಾಯಿಯಂತೆ 50 ಯಂತ್ರ ಒಪ್ಪಿಕೊಂಡವರಿಗೆ ವರ್ಷಕ್ಕೆ 20,000, ತಿಂಗಳಿಗೆ 1,700ಕ್ಕೂ ಕಡಿಮೆ. ಇದರಲ್ಲಿ ಎಂಜಿನಿಯರ್ ಸಂಬಳ, ಪೆಟ್ರೋಲು, ಬಿಡಿಭಾಗ ಎಲ್ಲ ಆಗಬೇಕು. ಆಗುವುದಿಲ್ಲ, ದೂರು ಕೊಟ್ಟಾಗ ಫೋನ್ ಎತ್ತದಿರುವುದೇ ಅವರ ಉಳಿತಾಯವಾಗುತ್ತದೆ. ಆದ್ದರಿಂದ ಬಿಡಿಭಾಗ ಸೇರಿದ ಒಪ್ಪಂದವೋ, ಬರೀ ಕೂಲಿಯ ಒಪ್ಪಂದವೋ ಎಂಬುದನ್ನು ಟೆಂಡರ್‌ನಲ್ಲೇ ಬಿಡಿಸಿ ಬರೆಯುತ್ತೇವೆ. ಸೇರಿದ್ದು ಎಂದರೆ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಭಾಗ), ರ‍್ಯಾಮ್, ಡಿಸ್ಕ್, ಮದರ್‌ಬೋರ್ಡ್, ಪ್ರಿಂಟರಿನಲ್ಲಿ ಹಾಳೆ ಎಳೆಯುವ ಪಿಕಪ್ ರೋಲರ್ ಮತ್ತು ಮಸಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಫ್ಯೂಸರ್ ಫಿಲ್ಮ್. ಯುಪಿಎಸ್ ಬ್ಯಾಟರಿ, ಟೋನರ್ ಹೊರಗೆ. ಫ್ಯೂಸರ್ ಫಿಲ್ಮನ್ನು ಹೆಸರಿಸದಿದ್ದರೆ 'ಅದು ಸವೆಯುವ ಭಾಗ ಸರ್, ಎಎಂಸಿಗೆ ಬರಲ್ಲ' ಎಂಬ ಮಾತು ಖಚಿತ.

ವಿಂಡೋಸ್ ಮರುಸ್ಥಾಪನೆಗೂ ಹೀಗೇ. ಬರೀ ವಿಂಡೋಸ್ ಹಾಕಿ ಹೋದರೆ ವಿಷಯ ನಿರ್ವಾಹಕರ ಕೆಲಸ ಶುರುವಾಗುವುದಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶ ನುಡಿ, ಹಳೆಯ ನುಡಿ ಫಾಂಟುಗಳು, ಪ್ರಿಂಟರ್ ಮತ್ತು ಸ್ಕ್ಯಾನರ್ ಡ್ರೈವರ್, ಡಿಜಿಟಲ್ ಸಹಿಯ ಟೋಕನ್ ಡ್ರೈವರ್ ಹಾಕಿ, ಒಂದು ಪುಟ ಮುದ್ರಿಸಿ ತೋರಿಸುವವರೆಗೆ ದೂರು ಮುಗಿಯಿತೆಂದು ಬರೆಯುವುದಿಲ್ಲ. ಯೂನಿಕೋಡ್‌ಗೆ ಮೊದಲಿನ ಕಡತಗಳು ಆ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಕಡತವೇ ಹಾಳಾಯಿತೆಂದು ಅಳಿಸಿದವರೂ ಇದ್ದಾರೆ. ಫಾರ್ಮ್ಯಾಟ್‌ಗೆ ಮುನ್ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಪ್ರತಿ ತೆಗೆದು, ಆ ಮೇಜಿನವರ ಸಹಿ ಪಡೆಯಬೇಕು. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 7ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯವು, ಬೆರಳೆಣಿಕೆಯವನ್ನು ಬಿಟ್ಟರೆ, ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅಂಥವಕ್ಕೆ ಎಎಂಸಿ ಹಣ ಸುರಿಯುವ ಮೊದಲು ಬದಲಿ ಖರೀದಿಯ ಪ್ರಸ್ತಾವನೆ ಕಳುಹಿಸುವುದು ಲೇಸು.

ದೂರು ಹೇಳುವ ರೀತಿಯಲ್ಲೇ ಅರ್ಧ ರಿಪೇರಿ ಇದೆ. 'ಆನ್ ಆಗ್ತಿಲ್ಲ' ಎಂಬ ಒಂದೇ ಮಾತಿನಲ್ಲಿ ನಾಲ್ಕು ರೋಗಗಳಿವೆ. ದೀಪವೇ ಹತ್ತದಿದ್ದರೆ ಕೇಬಲ್ ಅಥವಾ ಎಸ್‌ಎಂಪಿಎಸ್. ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ, ಬೀಪ್ ಬಂದರೆ ಹೆಚ್ಚಾಗಿ ರ‍್ಯಾಮ್. ದಿನಾಂಕ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ. ಬೂಟ್ ಡಿವೈಸ್ ಇಲ್ಲ ಎಂದರೆ ಡಿಸ್ಕ್. ಇಷ್ಟು ಮೊದಲೇ ತಿಳಿದರೆ ಎಂಜಿನಿಯರ್ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಭಾಗ ಕೊಂಡೇ ಬರುತ್ತಾರೆ. ಬರಿಗೈಲಿ ಬಂದರೆ ಕಾರ್ಪೊರೇಷನ್ ಸರ್ಕಲ್ ಟ್ರಾಫಿಕ್‌ನಲ್ಲಿ ಎರಡನೇ ಸುತ್ತಿಗೆ ಅರ್ಧ ದಿನ ಹೋಗುತ್ತದೆ. ದೂರುಗಳೆಲ್ಲ ಒಬ್ಬರೇ ಸಿಬ್ಬಂದಿಯ ಮೂಲಕ ಹೋಗಬೇಕು. ವಾಟ್ಸಾಪ್‌ನಲ್ಲಿ ಹೇಳಿದರೂ ವಹಿಯಲ್ಲಿ ಸಮಯ, ಸೀರಿಯಲ್ ನಂಬರ್, ಲಕ್ಷಣ ದಾಖಲಾಗಬೇಕು.

ದಂಡದ ಷರತ್ತು ಇರಲಿ, ಆದರೆ ದಂಡದಿಂದ ಕಂಪ್ಯೂಟರ್ ಓಡುವುದಿಲ್ಲ. 40 ಯಂತ್ರಗಳ ಕಚೇರಿಯಲ್ಲಿ 2 ಎಸ್‌ಎಂಪಿಎಸ್, 2 ಕೀಬೋರ್ಡ್, 2 ಮೌಸ್, 1 ಮಾನಿಟರ್, 1 ಎಸ್‌ಎಸ್‌ಡಿ, 5 ಬಿಲ್ಲೆ ಬ್ಯಾಟರಿ ವೆಂಡರ್‌ನವೇ ಆಗಿ ನಮ್ಮ ಬೀರುವಿನಲ್ಲಿ ಇರಬೇಕೆಂಬ ಷರತ್ತು ದಂಡಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ತಪ್ಪು ನಮ್ಮ ಕಡೆಯೂ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸತ್ತಿರುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟ್‌ಗಿಂತ ಹೆಚ್ಚಿದ್ದರೆ ಮೊದಲು ಲೋಕೋಪಯೋಗಿ ಇಲಾಖೆಯ ವಿದ್ಯುತ್ ವಿಭಾಗಕ್ಕೆ ಬರೆದು ಸರಿಮಾಡಿಸಿ. ಯಂತ್ರ ಕೂರಿಸುವ ದಿನವೇ ಅಳತೆಯನ್ನು ವರದಿಯಲ್ಲಿ ಬರೆಸಿಟ್ಟರೆ, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮರುದಿನ 'ವೋಲ್ಟೇಜ್‌ನಿಂದ ಸುಟ್ಟಿದೆ, ವಾರಂಟಿ ಇಲ್ಲ' ಎಂಬ ವಾದಕ್ಕೆ ಉತ್ತರವಿರುತ್ತದೆ. 600 ವಿಎ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಸಿಕ್ಕಿಸಬೇಡಿ: ಫ್ಯೂಸರ್ ಬಿಸಿಯಾಗುವ ಕ್ಷಣದಲ್ಲಿ ಅದು ಎಳೆಯುವ ಹೊರೆ ಯುಪಿಎಸ್ ತಾಳುವುದಿಲ್ಲ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿಗೆ ಮೂರು ವರ್ಷ ಆಗುತ್ತಿದ್ದಂತೆ ಬದಲಿಗೆ ಹಣ ಕೇಳಿಡಿ.

ಟೋನರ್‌ನಲ್ಲಿ ಲೆಕ್ಕ ತಪ್ಪುವುದು ಪುಟದ ಅಂದಾಜಿನಿಂದ. ಎಚ್‌ಪಿ 12ಎ ಕಾರ್ಟ್ರಿಜ್ 2,000 ಪುಟ ಎಂಬುದು ಪುಟದ ಶೇ. 5 ಮಾತ್ರ ಮಸಿ ತುಂಬಿದಾಗ. ಒತ್ತೊತ್ತಾದ ಸರ್ಕಾರಿ ಆದೇಶ, ಕೋಷ್ಟಕಗಳಿಗೆ ಅಷ್ಟು ಬರುವುದಿಲ್ಲ. ರೀಫಿಲ್ ಅಗ್ಗ, ಆದರೆ ಮತ್ತೆ ಮತ್ತೆ ತುಂಬಿಸಿದಂತೆ ಡ್ರಮ್, ವೈಪರ್ ಬ್ಲೇಡ್ ಸವೆಯುತ್ತವೆ. ಹಾಳೆಯಲ್ಲಿ ಸುಮಾರು 75 ಮಿ.ಮೀ.ಗೊಂದು ಅದೇ ಕಲೆ ಮರುಕಳಿಸಿದರೆ ಡ್ರಮ್ ಹೋಗಿದೆ. ಪುಡಿ ತುಂಬಿ ಫಲವಿಲ್ಲ. ಪ್ರತಿ ಕಾರ್ಟ್ರಿಜ್ ಮೇಲೆ ಮಾರ್ಕರ್‌ನಲ್ಲಿ ರೀಫಿಲ್ ದಿನಾಂಕ ಬರೆಯುತ್ತೇವೆ. ಸೋರುವ ಪುಡಿ ಪ್ರಿಂಟರ್ ಒಳಗೆ ಸೇರಿದರೆ ಆ ರಿಪೇರಿಗೆ ಯಾರು ಹೊಣೆ ಎಂಬುದೂ ಆದೇಶದಲ್ಲಿರಲಿ.

ಇಷ್ಟೆಲ್ಲ ಕೇಳುವ ಕಚೇರಿ ಹಣವನ್ನು ಸಮಯಕ್ಕೆ ಕೊಡಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ: ಎಂಜಿನಿಯರ್ ಬರದಿರುವುದಕ್ಕೆ ಎಷ್ಟೋ ಸಲ ನಮ್ಮ ಮೇಜಿನ ಮೇಲೆ ಕೂತ ಬಿಲ್ಲೇ ಕಾರಣ. ಮೂರು ತಿಂಗಳಿಗೊಮ್ಮೆ, ಸೇವೆ ಮುಗಿದ ಮೇಲೆ ಬಿಲ್ಲು. ಜೊತೆಗೆ ಕಾರ್ಯಾದೇಶದ ಪ್ರತಿ, ಸಹಿಯಾದ ಸೇವಾ ವರದಿಗಳು, ಸಾಮಾನು ಬಂದಿದ್ದರೆ ದಾಸ್ತಾನು ವಹಿಯ ಪುಟ ಸಂಖ್ಯೆ. ರಾಜ್ಯ ಖಜಾನೆಯ ಪಾವತಿ ತಂತ್ರಾಂಶ ಖಜಾನೆ-2ರಲ್ಲಿ ವೆಂಡರ್‌ನ ಖಾತೆ, ಐಎಫ್‌ಎಸ್‌ಸಿ ಸರಿಯಿದೆಯೇ ಎಂದು ಕಾರ್ಯಾದೇಶ ಕೊಡುವಾಗಲೇ ನೋಡಿ. ಬ್ಯಾಂಕುಗಳು ವಿಲೀನವಾದ ಮೇಲೆ ಹಳೆಯ ಕೋಡ್ ಇಟ್ಟುಕೊಂಡವರ ಹಣ ಹಿಂದಿರುಗುತ್ತದೆ. ಜಿಎಸ್‌ಟಿ ಬಿಟ್ಟು 2.5 ಲಕ್ಷ ಮೀರಿದ ಒಪ್ಪಂದಕ್ಕೆ ಪಾವತಿಯಲ್ಲೇ ಶೇ. 2 ಜಿಎಸ್‌ಟಿ ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿತವಾಗುತ್ತದೆಂದು ವೆಂಡರ್‌ಗೆ ಮೊದಲೇ ತಿಳಿಸಿ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಣಿ ಇರುವ ಸೇವಾದಾರರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಮಾರ್ಚ್ 31ರ ಗಡಿಬಿಡಿಯಲ್ಲಿ ಸಾಮಾನು ಬರುವ ಮೊದಲೇ 'ಸ್ವೀಕರಿಸಲಾಗಿದೆ' ಎಂದು ಷರಾ ಬರೆಯುವುದಂತೂ ಕೂಡದು.

ಕೆಟ್ಟ ಡಿಸ್ಕ್ ಕಚೇರಿಯ ಬಾಗಿಲು ದಾಟಬಾರದು. ವಾರಂಟಿಯಲ್ಲಿ ತಯಾರಕರು ಹಳೆಯದನ್ನು ವಾಪಸ್ ಕೇಳುತ್ತಾರೆ, ಆದ್ದರಿಂದ ಡಿಸ್ಕ್ ಉಳಿಸಿಕೊಳ್ಳುವ ಷರತ್ತನ್ನು ಖರೀದಿಯಲ್ಲೇ ಸೇರಿಸಬೇಕು. ಹಳೆಯ ಯಂತ್ರಗಳ ವಿಲೇವಾರಿಗೆ ಮುನ್ನ ಡಿಸ್ಕ್ ಕಳಚಿ, ಸೀರಿಯಲ್ ಬರೆದು, ಸಮಿತಿಯ ಎದುರು ರಂಧ್ರ ಕೊರೆಸುತ್ತೇವೆ. ಉಳಿದದ್ದು ಇ-ತ್ಯಾಜ್ಯ ನಿಯಮ 2022ರಡಿ ನೋಂದಾಯಿತ ಮರುಬಳಕೆದಾರರಿಗೆ ಹೋಗುತ್ತದೆ, ಅವರ ಪ್ರಮಾಣಪತ್ರ ಕಡತಕ್ಕೆ ಸೇರುತ್ತದೆ.