ಊರಿನಲ್ಲೊಂದು ಸಾಹಿತ್ಯ ಸಂಜೆ: ಏರ್ಪಡಿಸುವವರಿಗೆ ಕೆಲವು ಮಾತು

ಮಂಡ್ಯ ನಗರದಲ್ಲಿ 1974, 1994 ಮತ್ತು 2024ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿದೆ. 1974ರಲ್ಲಿ ಜಯದೇವಿತಾಯಿ ಲಿಗಾಡೆ ಅವರು ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದದ್ದು ಇದೇ ಊರಿನಲ್ಲಿ. ಅಂಥ ಸಮ್ಮೇಳನ ದಶಕಗಳಿಗೊಮ್ಮೆ ಬರುವಂಥದ್ದು. ನಡುವಿನ ವರ್ಷಗಳಲ್ಲಿ ಓದುಗರನ್ನೂ ಕೇಳುಗರನ್ನೂ ಒಂದೆಡೆ ಕೂಡಿಸುವ ಹೊಣೆ ಹೋಬಳಿ ಮತ್ತು ಗ್ರಾಮಗಳ ಆಸಕ್ತರ ಮೇಲೆಯೇ ಇದೆ. ಐವತ್ತರಿಂದ ನೂರು ಜನ ಕುಳಿತು ಕೇಳುವ ಒಂದು ಸಂಜೆಯನ್ನು ಏರ್ಪಡಿಸಲು ಬೇಕಾದ ಸಿದ್ಧತೆಯನ್ನು ಇಲ್ಲಿ ವಿವರಿಸಿದ್ದೇನೆ.

ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿಗಳು ಎಷ್ಟು ಮಂದಿ ಎಂಬುದನ್ನು ಮೊದಲು ತೀರ್ಮಾನಿಸಿ, ಉಳಿದ ಸಮಯಕ್ಕೆ ಸಾಹಿತ್ಯವನ್ನು ಹೊಂದಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಇದನ್ನು ತಿರುಗಿಸಬೇಕು. ಅಂದು ಜನರ ಕಿವಿಗೆ ಬೀಳಬೇಕಾದ ಪದ್ಯ ಅಥವಾ ಪ್ರಬಂಧ ಯಾವುದೆಂದು ಮೊದಲು ಆರಿಸಿ, ಅದನ್ನು ಚೆನ್ನಾಗಿ ಓದಬಲ್ಲವರನ್ನೂ ಅದರ ಬಗ್ಗೆ ಮಾತನಾಡಬಲ್ಲವರನ್ನೂ ಆಮೇಲೆ ಹುಡುಕಬೇಕು. ಮಂಡ್ಯ ಜಿಲ್ಲೆಯಲ್ಲಿ ಆಯ್ಕೆಗೆ ಕೊರತೆಯಿಲ್ಲ. ಕೆ.ಎಸ್. ನರಸಿಂಹಸ್ವಾಮಿ ಕಿಕ್ಕೇರಿಯವರು, ಎ.ಎನ್. ಮೂರ್ತಿರಾವ್ ಅಕ್ಕಿಹೆಬ್ಬಾಳಿನವರು, ಎರಡೂ ಕೆ.ಆರ್. ಪೇಟೆ ತಾಲ್ಲೂಕಿನ ಊರುಗಳೇ. ಮೇಲುಕೋಟೆ ಪು.ತಿ.ನ. ಅವರ ಊರು. ತನ್ನ ಸೀಮೆಯ ಲೇಖಕನ ಸಾಲನ್ನು ಕೇಳುವಾಗ ಸಭೆಗೆ ವಿಶೇಷ ಗಮನ ಬರುತ್ತದೆ. ಒಂದು ಸಂಜೆಗೆ ಎರಡು ಪದ್ಯ ಅಥವಾ ಒಂದು ಪ್ರಬಂಧ ಸಾಕು.

ಆರಿಸಿದ ಪದ್ಯವನ್ನು ಒಂದೇ ಹಾಳೆಯಲ್ಲಿ, ಹಿರಿಯರು ಕನ್ನಡಕವಿಲ್ಲದೆಯೂ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಬಾಗಿಲಲ್ಲೇ ಎಲ್ಲರ ಕೈಗೆ ಕೊಡಿ. ಕೈಯಲ್ಲಿ ಹಾಳೆ ಇರುವವನು ಭಾಷಣಕಾರರ ಮಾತನ್ನು ಪದ್ಯದ ಜೊತೆ ಒರೆ ಹಚ್ಚಿ ನೋಡುತ್ತಾನೆ. ಮನೆಗೆ ಒಯ್ದು ಮತ್ತೊಮ್ಮೆ ಓದುತ್ತಾನೆ. ಆದರೆ ಇಡೀ ಪದ್ಯಗಳನ್ನು ಸೇರಿಸಿ ಸ್ಮರಣ ಸಂಚಿಕೆಯನ್ನೋ ಕಿರುಹೊತ್ತಗೆಯನ್ನೋ ಅಚ್ಚು ಹಾಕಿಸುವುದಾದರೆ ಹಕ್ಕುಸ್ವಾಮ್ಯವನ್ನು ಗಮನಿಸಬೇಕು. ನಮ್ಮ ಕಾನೂನಿನ ಪ್ರಕಾರ ಲೇಖಕರ ಮರಣಾನಂತರ 60 ವರ್ಷ ಹಕ್ಕು ಉಳಿದಿರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಕವಿತೆಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 2003ರಲ್ಲಿ ತೀರಿಕೊಂಡ ಕೆ.ಎಸ್.ನ. ಅವರ ಕವಿತೆಗಳಿಗೆ ಹಕ್ಕುದಾರರ ಒಪ್ಪಿಗೆ ಬೇಕು.

ದಿನ ಗೊತ್ತು ಮಾಡುವಾಗ ಪಂಚಾಂಗಕ್ಕಿಂತ ನಾಲೆಯ ನೀರನ್ನು ನೋಡುವುದು ಒಳ್ಳೆಯದು. ನಾಟಿಯ ದಿನಗಳಲ್ಲೂ ಭತ್ತದ ಕೊಯ್ಲು, ಒಕ್ಕಣೆಯ ದಿನಗಳಲ್ಲೂ ಯಾರಿಗೂ ಬಿಡುವಿರುವುದಿಲ್ಲ. ಸುಗ್ಗಿ ಮುಗಿದು ಯುಗಾದಿ ಬರುವುದರೊಳಗಿನ ಅವಧಿ ಅನುಕೂಲ; ಮಕ್ಕಳ ಪರೀಕ್ಷೆಗೆ ತೊಂದರೆಯಾಗದಂತೆ ನೋಡಿಕೊಳ್ಳಿ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ ಕಾರ್ಯಕ್ರಮ ಆರಂಭಿಸಿದರೆ ಹೆಣ್ಣುಮಕ್ಕಳು ಬರಲಾಗುವುದಿಲ್ಲ. ಆದ್ದರಿಂದ ಏಳು ಗಂಟೆಗೆ ಆರಂಭಿಸಿ ಒಂಬತ್ತಕ್ಕೆ ಮುಗಿಸಬೇಕು. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಿಂದ ಮೊದಲೇ ಅನುಮತಿ ಪಡೆಯಿರಿ. ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅದನ್ನು ಬಳಸುವಂತಿಲ್ಲ.

ಸ್ಥಳದ ವಿಷಯದಲ್ಲಿ ನನ್ನದು ಖಚಿತವಾದ ಅಭಿಪ್ರಾಯ. ಊರಿನ ಎಲ್ಲ ಕೇರಿಯವರೂ ಹಿಂಜರಿಕೆಯಿಲ್ಲದೆ ಬಂದು ಒಟ್ಟಿಗೆ ಕೂರುವ ಜಾಗವೇ ಸಾಹಿತ್ಯಕ್ಕೆ ಯೋಗ್ಯವಾದ ಜಾಗ. ದೇವಸ್ಥಾನದ ಜಗಲಿಯೋ ಒಂದು ಸಮುದಾಯದ ಭವನವೋ ಎಷ್ಟೇ ಅಂದವಾಗಿದ್ದರೂ ಕೆಲವರನ್ನು ಹೊಸಿಲಿನಾಚೆಯೇ ನಿಲ್ಲಿಸುವುದಾದರೆ ಅದು ಬೇಡ. ಸರ್ಕಾರಿ ಶಾಲೆಯ ಅಂಗಳ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಇವು ಉತ್ತಮ. ಮೈಕ್ ಪರೀಕ್ಷಿಸುವಾಗ ‘ಹಲೋ’ ಎಂದು ಕೂಗಿ ಬಿಡದೆ, ಅಂದು ಓದಲಿರುವ ಪದ್ಯವನ್ನೇ ಓದಿಸಿ, ಕೊನೆಯ ಸಾಲಿನಲ್ಲಿ ಕುಳಿತು ಪ್ರತಿಯೊಂದು ಪದವೂ ಬಿಡಿಯಾಗಿ ಕೇಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಗಮಕವನ್ನು ಇಟ್ಟುಕೊಳ್ಳುವುದಾದರೆ ಅದಕ್ಕೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕು. ವಾಚನಕಾರರು ಷಟ್ಪದಿಯನ್ನು ರಾಗದಲ್ಲಿ ಓದುತ್ತಾರೆ, ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಅರಿತವರಾಗಿದ್ದರೆ ಮಾತ್ರ ಕಥೆ ಕೆಡದೆ ಸಾಗುತ್ತದೆ. ಕುಮಾರವ್ಯಾಸನಲ್ಲಿ ಯಾವ ಪ್ರಸಂಗ, ಯಾವ ಪದ್ಯದಿಂದ ಯಾವ ಪದ್ಯದವರೆಗೆ ಎಂಬುದನ್ನು ಇಬ್ಬರೊಡನೆಯೂ ಕುಳಿತು ಮೊದಲೇ ಗೊತ್ತು ಮಾಡಿಕೊಳ್ಳಿ. ವ್ಯಾಖ್ಯಾನ ಬೆಳೆದು ವಾಚನ ಕುಗ್ಗುವ ಅಪಾಯ ಸದಾ ಇರುವುದರಿಂದ, ಕಠಿಣ ಪದವಿಲ್ಲದ ಪದ್ಯಗಳನ್ನು ವ್ಯಾಖ್ಯಾನವಿಲ್ಲದೆಯೇ ಹಾಡಿಸಲು ವಿನಂತಿಸಬಹುದು.

ಮಳವಳ್ಳಿಯ ಕಡೆಯ ಊರುಗಳಲ್ಲಿ ಮಂಟೇಸ್ವಾಮಿ ಕಥೆಯನ್ನು ತಂಬೂರಿ ಹಿಡಿದು ಹಾಡುವ ನೀಲಗಾರರನ್ನು ಕರೆಯದೆ ಸಾಹಿತ್ಯ ಕಾರ್ಯಕ್ರಮ ಮಾಡುವುದು ಸರಿಯಲ್ಲ ಎಂದು ನಾನು ನಂಬುತ್ತೇನೆ. ಇಡೀ ರಾತ್ರಿ ಸಾಗುವ ಕಾವ್ಯದಿಂದ ಒಂದು ‘ಸಾಲನ್ನು’, ಅಂದರೆ ಒಂದು ಕಥಾಭಾಗವನ್ನು, ಪೂರ್ತಿಯಾಗಿ ಹಾಡಲು ಅವರಿಗೆ ಅವಕಾಶವಿರಲಿ. ಅತಿಥಿಗಳು ಬರುವುದು ತಡವಾದಾಗ ಹೊತ್ತು ಕಳೆಯಲು ಅವರನ್ನು ಹಾಡಿಸುವುದು, ಅತಿಥಿಗಳು ಬಂದೊಡನೆ ಅರ್ಧಕ್ಕೆ ನಿಲ್ಲಿಸುವುದು ಆ ಕಾವ್ಯಕ್ಕೂ ಕಲಾವಿದರಿಗೂ ಮಾಡುವ ಅವಮಾನ. ಭಾಷಣಕಾರರಿಗೆ ಕೊಡುವಷ್ಟೇ ಗೌರವಧನವನ್ನು ಅವರಿಗೂ ಅಂದೇ ಸಲ್ಲಿಸಬೇಕು.

ಸ್ವಾಗತ, ಪ್ರಾಸ್ತಾವಿಕ ನುಡಿ ಎರಡೂ ಸೇರಿ ಹತ್ತು ನಿಮಿಷ ಮೀರಬಾರದು. ಹಾರ, ಶಾಲು, ನೆನಪಿನ ಕಾಣಿಕೆಗಳ ಹಣವನ್ನು ಗೌರವಧನಕ್ಕೂ ಪ್ರಯಾಣ ವೆಚ್ಚಕ್ಕೂ ಬಳಸಿ. ಕನ್ನಡ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕವನ್ನು ವಿಚಾರಿಸಿದರೆ ನಿಮ್ಮ ವಿಷಯಕ್ಕೆ ಹೊಂದುವ ದತ್ತಿ ಉಪನ್ಯಾಸವೊಂದು ಸಿಗಬಹುದು. ದಾನಿಗಳು ಇಟ್ಟ ಮೂಲಧನದ ಬಡ್ಡಿಯಿಂದ ನಡೆಯುವಂಥದ್ದು ಅದು, ಉಪನ್ಯಾಸದ ಖರ್ಚಿಗೆ ನೆರವಾಗುತ್ತದೆ.

ಕೊನೆಯ ಅರ್ಧ ಗಂಟೆ ಸಭಿಕರಿಗೆ ಸೇರಿದ್ದು. ‘ಪ್ರಶ್ನೆಗಳಿದ್ದರೆ ಕೇಳಿ’ ಎಂದರೆ ಸಾಮಾನ್ಯವಾಗಿ ಮೌನ, ಇಲ್ಲವೇ ಒಬ್ಬರ ದೀರ್ಘ ಭಾಷಣ. ಬದಲಿಗೆ ಕೈಯಲ್ಲಿರುವ ಹಾಳೆಯನ್ನೇ ತೋರಿಸಿ, ‘ಈ ಪದ್ಯದಲ್ಲಿ ಯಾರು ಯಾರೊಡನೆ ಮಾತನಾಡುತ್ತಿದ್ದಾರೆ?’ ಎಂಬಂಥ ನಿರ್ದಿಷ್ಟ ಪ್ರಶ್ನೆಯನ್ನು ನಿರೂಪಕರು ಕೇಳಲಿ. ಕಾರ್ಡ್‌ಲೆಸ್ ಮೈಕನ್ನು ಮೊದಲು ಹೆಂಗಸರು ಕುಳಿತ ಕಡೆಗೆ ಒಯ್ಯಿರಿ. ಪದ್ಯ ಕೇಳಿದ ಅಜ್ಜಿಯೊಬ್ಬರು ಅದಕ್ಕೆ ಹೊಂದುವ ಸೋಬಾನೆ ಪದವನ್ನು ಎತ್ತಿಕೊಂಡರೆ ಸಮಯ ನೋಡದೆ ಹಾಡಲು ಬಿಡಿ.

ಹಾಗೆ ಹಾಡಿದ್ದನ್ನು ಧ್ವನಿಮುದ್ರಿಸಲು ಅವರ ಒಪ್ಪಿಗೆ ಕೇಳಬೇಕು, ಅದನ್ನು ಯಾರು ಕೇಳುತ್ತಾರೆ ಎಂಬುದನ್ನೂ ತಿಳಿಸಬೇಕು. ಹಾಡಿದವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತದ್ದು ಎಂಬ ವಿವರಗಳನ್ನು ಅಂದೇ ಬರೆದಿಟ್ಟು, ಧ್ವನಿಮುದ್ರಣದ ಒಂದು ಪ್ರತಿಯನ್ನು ಅರಿವು ಕೇಂದ್ರಕ್ಕೂ ಇನ್ನೊಂದನ್ನು ಹಾಡಿದವರ ಮನೆಯವರಿಗೂ ತಲುಪಿಸಿ.