ಹಳೇ ಕುಂಡಕ್ಕೆ ಸುಣ್ಣ, ಜಾಜು: ನನ್ನ ಅನುಭವ

ಎರಡು ಮಳೆಗಾಲ ನೆನೆದರೂ ನನ್ನ ಮಣ್ಣಿನ ಕುಂಡಗಳ ಬಣ್ಣ ಎದ್ದಿಲ್ಲ. ಬಳಿದಿದ್ದು ಬರೀ ಸುಣ್ಣ ಮತ್ತು ಜಾಜು, ಅಂದರೆ ಕೆಮ್ಮಣ್ಣು. ಆಗ ಬೇಡ ಅಂದವರೇ ಈಗ ಬಂದು ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೈಸೂರಿನ ನಮ್ಮ ಮನೆ ಹಿತ್ತಿಲಲ್ಲಿ ಹಳೇ ಕುಂಡಗಳ ರಾಶಿಯೇ ಇತ್ತು. ಅಂಚು ಮುರಿದವು, ಸೀಳು ಬಿಟ್ಟವು, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಬೆಳ್ಳಗಾದವು. ಅಕ್ಕಪಕ್ಕದವರು ಪ್ಲಾಸ್ಟಿಕ್ ಕುಂಡ ತಂದಾಗಲೆಲ್ಲ ಹಳೇದನ್ನು ನಮ್ಮ ಗೇಟಿನ ಹತ್ತಿರ ಇಟ್ಟು ಹೋಗುತ್ತಿದ್ದರು. ಹಾಗಾಗಿ ಕುಂಡಕ್ಕೆ ಖರ್ಚಿಲ್ಲ. ದುಡ್ಡು ಹೋಗಿದ್ದೆಲ್ಲ ಬಣ್ಣಕ್ಕೆ.

ಮೊದಲು ಎನಾಮೆಲ್ ಹೊಡೆದೆ. ಲೀಟರಿಗೆ 350ರ ಆಸುಪಾಸು ಇತ್ತು. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿಗೆ ಹೋದಾಗ ಬಣ್ಣದ ಕುಂಡಗಳನ್ನು ನೋಡಿ ಆಸೆಯಾಗಿತ್ತು. ಆದರೆ ಪ್ರದರ್ಶನದ ಕುಂಡ ಕೆಲವು ದಿನ ನಿಂತರೆ ಸಾಕು, ಅಂಗಳದ್ದು ವರ್ಷಗಟ್ಟಲೆ ನಿಲ್ಲಬೇಕು ಅಲ್ವಾ? ಮೊದಲ ಮಳೆಗೇ ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬಂತು. ಆಮೇಲೆ ಪ್ರೈಮರ್ ಹಾಕಿ ಎಮಲ್ಷನ್ ಹೊಡೆದೆ. ಒಳಗಡೆಗೆ ವಾಟರ್‌ಪ್ರೂಫ್ ಕೋಟಿಂಗ್ ಕೊಟ್ಟೆ. ಅದು ಸ್ವಲ್ಪ ಜಾಸ್ತಿ ದಿನ ಬಾಳಿತು. ಆದರೆ ಮಣ್ಣು ಕೆದರುವಾಗ ಕೋಟಿಂಗ್ ಗೀರಿದ ಕಡೆಯಿಂದಲೇ ನೀರು ಒಸರಿ ಬಣ್ಣ ಎತ್ತಿತು. ಗೀರದೆ ಉಳಿದ ಕುಂಡಗಳಲ್ಲಿ ನೀರು ಆರದೆ ಬೇರೇ ಕೊಳೆಯಿತು. ಎಲ್ಲ ಸೇರಿ ಎರಡೂವರೆ ಸಾವಿರದ ಮೇಲೇ ಹೋಯಿತು.

ಮಣ್ಣಿನ ಕುಂಡ ಒಳಗಿನ ತೇವವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಮೇಲೆ ಬಿಗಿಯಾದ ಪದರ ಕೂತರೆ ಆ ತೇವ, ಉಪ್ಪು ಎರಡೂ ಹಿಂದಿನಿಂದ ತಳ್ಳುತ್ತವೆ. ತೇವ ದಾಟಲು ಬಿಡುವ ಬಣ್ಣವೇ ಬೇಕು. ನಮ್ಮ ಕಡೆ ದೇವಸ್ಥಾನದ ಗೋಡೆಗಳಿಗೆ ಬಿಳಿ ಕೆಂಪು ಪಟ್ಟೆ ಹೊಡೆಯುತ್ತಾರಲ್ಲ, ಸುಣ್ಣ ಜಾಜು, ಅದೇ ಹೊಳೆಯಿತು. ಪರಿಚಯದ ಪೇಂಟರ್‌ಗೆ ಹೇಳಿದರೆ, "ಈಗ ಯಾರು ಸಾರ್ ಸುಣ್ಣ ಬಳೀತಾರೆ? ಒಂದೇ ಮಳೆಗೆ ತೊಳ್ಕೊಂಡು ಹೋಗುತ್ತೆ" ಅಂದ. ಹೋಗಲಿಲ್ಲ!

ಬಣ್ಣಕ್ಕಿಂತ ಉಪ್ಪು ತೆಗೆಯುವುದೇ ದೊಡ್ಡ ಕೆಲಸ. ಕುಂಡಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಮೂರ್ನಾಲ್ಕು ದಿನ ಬಿಡುತ್ತೇನೆ. ತೆಂಗಿನ ನಾರಿನಿಂದ ಉಜ್ಜುತ್ತೇನೆ. ಬಿಡದ ಕಲೆಗೆ ವಿನೆಗರ್, ಆಮೇಲೆ ಮತ್ತೆ ಚೆನ್ನಾಗಿ ತೊಳೆಯುವುದು. ಸುಣ್ಣದ ಕಲ್ಲನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಸಬೇಡಿ, ಕುದಿಯುವ ಬಿಸಿಗೆ ಬಕೆಟ್ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಹಳೇ ಕಬ್ಬಿಣದ ಬಾಂಡ್ಲಿ ಸಾಕು. ಕಣ್ಣಿಗೆ ಕನ್ನಡಕ ಇರಲೇಬೇಕು. ಒಂದು ವಾರ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳುತ್ತೇನೆ. ಒದ್ದೆ ಕುಂಡದ ಮೇಲೇ ಬಳಿಯಬೇಕು. ಬಳಿದಾಗ ಏನೂ ಕಾಣುವುದಿಲ್ಲ, ಆರಿದ ಮೇಲೆ ಬೆಳ್ಳಗಾಗುತ್ತದೆ. ಆತುರಪಟ್ಟು ದಪ್ಪ ಬಳಿದರೆ ಬಿರುಕು ಬಿಟ್ಟು ಉದುರುತ್ತದೆ. ನೆರಳಿನಲ್ಲಿ, ದಿನಕ್ಕೊಂದರಂತೆ ನಾಲ್ಕೈದು ಕೈ. ಒಳಗಡೆ ಬಳಿಯುವುದಿಲ್ಲ.

ಕೊನೆಯ ಕೈ ಸುಣ್ಣ ಹಸಿಯಾಗಿರುವಾಗಲೇ ಜಾಜಿನ ಪಟ್ಟೆ ಎಳೆಯಬೇಕು. ಆರಿದ ಮೇಲೆ ಎಳೆದರೆ ಕೈಗೆ ಹತ್ತುತ್ತದೆ. ಜಾಜಿಗೆ ಅಂಟು ಬರಲು ಅಡುಗೆಮನೆಯದ್ದೇ ಒಂದು ವಸ್ತು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಬೆಲ್ಲ ಅಲ್ಲ. ಬೆಲ್ಲ ಹಾಕಿ ನೋಡಿದಾಗ ಇರುವೆ ಮುತ್ತಿದವು.

ಹಳದಿ ಬೇಕೆಂದು ಸುಣ್ಣಕ್ಕೆ ಅರಿಶಿನ ಕಲಸಿಯೂ ನೋಡಿದೆ. ಅದು ಕೆಂಪಾಗುವುದು ಆರತಿ ನೀರು ಕಲಸಿದ ಎಲ್ಲರಿಗೂ ಗೊತ್ತು. ಆ ಕೆಂಪು ಬಹಳ ಚೆನ್ನಾಗಿತ್ತು, ಬಿಸಿಲಿಗೆ ಬೇಗ ಮಾಸಿತು. ನೆಲಕ್ಕೆ ಹಾಕುವ ಹಳದಿ ಆಕ್ಸೈಡ್ ಪುಡಿ ಮಾತ್ರ ಹಾಗೇ ನಿಂತಿದೆ. ಬಿಳುಪಿಗೆ ಒಂಚೂರು ನೀಲಿ ಹಾಕಿದರೆ ಇನ್ನೂ ಚೆಂದ.

ಇನ್ನು ಓರೆ ಕುಂಡಗಳ ಗೋಪುರ, ಅಂದರೆ ನೆಲಕ್ಕೆ ನೆಟ್ಟ ಕಂಬಿಗೆ ಬುಡದ ತೂತಿನಿಂದ ಕುಂಡಗಳನ್ನು ಒಂದರ ಮೇಲೊಂದು ಪೋಣಿಸುವುದು. 12 ಎಂಎಂ ಕಂಬಿ, ಸುಮಾರು ಐದಡಿ ಉದ್ದ, ಅದರಲ್ಲಿ ಒಂದೂವರೆ ಅಡಿ ನೆಲದೊಳಗೆ. ಕೆಳಗಿನ ಕುಂಡ ನೆಟ್ಟಗೆ, ಮೇಲಿನವು ಒಂದು ಆ ಕಡೆ, ಒಂದು ಈ ಕಡೆ. ತೂತು ಚಿಕ್ಕದಾಗಿದ್ದರೆ ಕುಂಡವನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಗೋಣಿಚೀಲದ ಮೇಲಿಟ್ಟು, ಡ್ರಿಲ್ಲಿನ ಹ್ಯಾಮರ್ (ಕುಟ್ಟುವ ಸೆಟ್ಟಿಂಗ್) ಆಫ್ ಮಾಡಿ ಚಿಕ್ಕ ಬಿಟ್ಟಿನಿಂದ ಶುರು ಮಾಡಿ. ಹ್ಯಾಮರ್ ಆನ್ ಇದ್ದರೆ ಬುಡ ಎರಡು ಹೋಳು. ಗಾರೆಯವರು ಸಿಮೆಂಟ್ ಹಾಕದಿದ್ದರೆ ಗಾಳಿಗೆ ಬೀಳುತ್ತದೆ ಅಂದಿದ್ದರು. ಸಿಮೆಂಟ್ ಹಾಕಿದರೆ ನೀರು ಇಳಿಯುವ ದಾರಿಯೇ ಮುಚ್ಚುತ್ತದೆ. ನಾನು ಓರೆಯಾದ ಕಡೆ ಕುಂಡದ ಚೂರು ತುರುಕಿ, ಮಣ್ಣನ್ನು ಕೈಯಲ್ಲಿ ಗಟ್ಟಿಯಾಗಿ ಒತ್ತುತ್ತೇನೆ. ಎರಡನೇ ಕುಂಡ ತಿರುಗದ ಹಾಗೆ ಹಿಡಿಯುವ ಉಪಾಯ ಬೇರೆ ಇದೆ, ನೋಡಬೇಕೆನ್ನುವವರು ಮನೆಗೇ ಬರಲಿ. ಮೇಲೆ ಟೇಬಲ್ ರೋಸ್, ಕೆಳಗೆ ದೊಡ್ಡಪತ್ರೆ ಹಾಕಿದ್ದೇನೆ.

ಹಕ್ಕಿಗಳಿಗೆ ನೀರಿಡಲು ಎರಡು ಕುಂಡ ಬೋರಲು ಹಾಕಿ ಮೇಲೆ ತಟ್ಟೆ ಇಟ್ಟಿದ್ದೇನೆ. ಆ ತಟ್ಟೆಗೆ ಸುಣ್ಣ ಸೋಕಿಸಿಲ್ಲ, ಹಕ್ಕಿ ಕುಡಿಯುವ ನೀರು ಅದು. ಸೊಳ್ಳೆ ಆಗದಂತೆ ದಿನಾ ನೀರು ಬದಲಿಸುತ್ತೇನೆ.

ಒಂದು ಗೋಪುರಕ್ಕೆ ಕಂಬಿ, ಸುಣ್ಣ, ಜಾಜು, ಗಿಡ ಎಲ್ಲ ಸೇರಿ ಮುನ್ನೂರು, ಮುನ್ನೂರೈವತ್ತು ಬೀಳುತ್ತದೆ. ಕೇಳಿದವರಿಗೆ 1,200ಕ್ಕೆ ಕೊಟ್ಟಿದ್ದೇನೆ, ಯಾರೂ ಚೌಕಾಸಿ ಮಾಡಿಲ್ಲ. ಬುಡ ಸೀಳಿದ ಕುಂಡವನ್ನು ಮಾತ್ರ ಗೋಪುರಕ್ಕೆ ಹಾಕುವುದಿಲ್ಲ. ಅದನ್ನು ಒಡೆದು ಚೂರು ಮಾಡಿ, ಓರೆಗೆ ತುರುಕಲು ಎತ್ತಿಟ್ಟುಕೊಳ್ಳುತ್ತೇನೆ.